ಇನ್ನೂರ ಹನ್ನೆರಡನೆಯ ಕೋಟು

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ಸಂಜೆ
ಒಪೆರಾ ಮನೆಯ ಬಾಗಿಲು ತೆರೆದರೆ
ಮೊದಲು ಒಳಗೆ ಬರುವುದು ಗಾಳಿ,
ಆಮೇಲೆ ಟೋಪಿ ಅದುಮಿಕೊಂಡ ಜನ.

ನನ್ನದು ಕೋಟು ಕಾಯುವ ಕೆಲಸ.
ಹಿತ್ತಾಳೆ ಬಿಲ್ಲೆ ಕೊಡುತ್ತೇನೆ, ಕೊಕ್ಕೆಗೆ ಹಾಕುತ್ತೇನೆ.
ಹತ್ತೊಂಬತ್ತು ಚಳಿಗಾಲ ಆಯಿತು. ಮುಖ ಮರೆಯುತ್ತೇನೆ,
ಕಾಲರು ಮರೆಯುವುದಿಲ್ಲ:
ನುಸಿಗುಳಿಗೆ, ಸಿಗಾರು, ಒದ್ದೆ ನಾಯಿ.

ಇನ್ನೂರ ಹನ್ನೆರಡು ಸಿನ್ಯೋರಾ ಕೊಸ್ಸುಟ್ಟಾ ಅವರದು.
ಗುರುವಾರದ ಸೀಟು, ಬೂದು ಉಣ್ಣೆ, ಕೊಂಬಿನ ಗುಂಡಿ.
ಏಳು ಗಂಟೆಗೆ ಅದು ನನ್ನ ಕೈಗೆ ಬಂದಾಗ
ಬರೀ ಹೂವು. ಸುಗಂಧರಾಜ, ಕಿತ್ತಳೆಯ ಹೂ,
ಜೋರು ದನಿ, ತುಸು ಜಂಬ,
ಮದುವೆಗೆ ಎಲ್ಲರಿಗಿಂತ ಮೊದಲು ಬಂದು ಕೂತ
ಸೋದರತ್ತೆಯ ಹಾಗೆ.

ಹನ್ನೊಂದಕ್ಕೆ ಆಕೆ ಬಿಲ್ಲೆ ಚಾಚಿದಾಗ
ಕುತ್ತಿಗೆಯ ಹತ್ತಿರ ಹೂವಿನ ಸುದ್ದಿಯೇ ಇಲ್ಲ.
ಅಲ್ಲೀಗ ಕಸ್ತೂರಿ:
ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಬಿಸುಪು,
ಇಸ್ತ್ರಿಯ ಬಟ್ಟೆ, ಮಗುವಿನ ನೆತ್ತಿ, ಚೂರು ಉಪ್ಪು.
ಮೂರು ಅಂಕ ಅತ್ತು, ಚಪ್ಪಾಳೆ ತಟ್ಟಿ, ಬೆವೆತ ಮೈ
ಹೂವನ್ನು ಉಂಡು ತೇಗಿದೆ.

ಕೋಟಿಗೆ ಇದೊಂದೂ ಗೊತ್ತಿಲ್ಲ.
ಕೊಕ್ಕೆಯಲ್ಲಿ ನೇತಾಡುತ್ತ ಅದು
ಇನ್ನೂ ಏಳು ಗಂಟೆಯಲ್ಲೇ ಇದೆ.
ಹಿಂದೆ ನಿಂತು ನಾನು ತೋಳು ತೊಡಿಸುವಾಗ
ಏಳೂ ಹನ್ನೊಂದೂ ಒಂದನ್ನೊಂದು ಮುಟ್ಟುತ್ತವೆ.
ಆ ಗಳಿಗೆ ನನಗೊಬ್ಬಳಿಗೆ.
ಸಂಬಳದ ಚೀಟಿಯಲ್ಲಿ ಬರೆದಿರುವುದಿಲ್ಲ.

ಫೆಬ್ರವರಿಯ ಒಂದು ಗುರುವಾರ, ಎರಡನೆಯ ಅಂಕ,
ಒಳಗೆ ಯಾರೋ ಸಾಯಲು ತುಂಬ ಹೊತ್ತು ಹಿಡಿಯುತ್ತಿದ್ದರು.
ಮೊಗಸಾಲೆ ಖಾಲಿ. ನಾನು ಆ ಕೋಟು ಹಾಕಿಕೊಂಡೆ.
ಗುಂಡಿಯನ್ನೂ ಹಾಕಿದೆ.
ನಿಂತೆ.
ತೆಗೆದಿಟ್ಟೆ.

ಹನ್ನೊಂದಕ್ಕೆ ಆಕೆ ಕಾಲರು ಎತ್ತಿಕೊಂಡವರು
ಹಾಗೇ ತಡೆದರು.
ನನಗೆ ಗೊತ್ತಾಗಿಹೋಯಿತು: ಮಧ್ಯಾಹ್ನ ಹೆಚ್ಚಿದ ಈರುಳ್ಳಿ,
ನನ್ನ ಅಗ್ಗದ ಹಸಿರು ಸೋಪು, ನನ್ನ ಕಂಕುಳು.
ಕಿವಿ ಸುಡತೊಡಗಿತು. ಬಿಲ್ಲೆ ಎಣಿಸಿದೆ,
ಎಣಿಸಿದ್ದನ್ನೇ ಎಣಿಸಿದೆ.

ಏನೂ ಅನ್ನದೆ ಹೋದರು. ಹೊರಗೆ ಬೋರಾ.

ಮುಂದಿನ ಗುರುವಾರ ಕೋಟು ಕೊಡುತ್ತ,
ಒಂದೊಂದೇ ಬೆರಳಿನ ಕೈಗವಸು ಎಳೆಯುತ್ತ, ಎಲ್ಲೋ ನೋಡುತ್ತ,
"ನೆರೀನಾ, ಆ ಸೋಪು ಯಾವುದು?
ಭಾನುವಾರದ ತನಕ ಇತ್ತು.
ನನ್ನದು ಅಷ್ಟು ದಿನ ನಿಲ್ಲುವುದಿಲ್ಲ."