ಗಾಲಿಗೆ ಕೊಟ್ಟ ಕಲ್ಲು

ಬಾನೆಟ್ಟಿನ ಮೇಲೆ ಮೂರು ಸಲ ಗುದ್ದುತ್ತಾಳೆ ಮಾಪುಲೆಂಗ್.
ಬೆಚ್ಚಗಿದೆಯೆಂದು ಎಂಜಿನ್ನಿನ ಮಗ್ಗುಲಲ್ಲಿ ಬೆಕ್ಕು ಮಲಗಿರುತ್ತದೆ;
ಹೋದ ವರ್ಷ ಗೊತ್ತಾಯಿತು, ತಡವಾಗಿ.

ಮೊಖೊಟ್ಲಾಂಗಿನಲ್ಲಿ ಜೂನ್ ಅಂದರೆ ಹಲ್ಲು ಕಟಕಟಿಸುವ ಚಳಿ.
ಗಾಜಿನ ಮೇಲಿನ ಹಿಮವನ್ನು ಹಳೇ ಸಿಮ್ ಕಾರ್ಡಿನ ಅಟ್ಟೆಯಿಂದ ಕೆರೆಯುತ್ತಾಳೆ,
ಅಂಗೈಯಗಲ ಅಲ್ಲ, ಪೂರ್ತಿ.
ಕಂಬಳಿ ಹೊದ್ದ ಹದಿನೈದು ಜನ ಒಳಗೆ ಕೂತು
ಉಸಿರಿನಿಂದ ಅದನ್ನೇ ಮತ್ತೆ ಮಸುಕು ಮಾಡುತ್ತಾರೆ.

ಗೇರು ನ್ಯೂಟ್ರಲ್. ಕ್ಲಚ್ಚು ತಳದವರೆಗೆ.
ಕೀಲಿ ತಿರುಗಿಸಿದರೆ ಮುದುಕನ ಕೆಮ್ಮು.
ಬೈಯುವುದಿಲ್ಲ. ಹತ್ತು ಎಣಿಸಿ, ಇನ್ನೊಮ್ಮೆ.

ಹದಿನಾರನೆಯವನು ಬಾಗಿಲು ಹಿಡಿದಿದ್ದಾನೆ,
ಸ್ವಂತ ತಮ್ಮ, ಮೊಹಾಪಿ.
"ಇಲ್ಲೇ ಜೋತುಕೊಂಡು ಬರ್ತೀನಿ ಅಕ್ಕಾ."
"ನಾಳೆ ಕೂತ್ಕೊಂಡು ಬಾ."

ಇಳಿಜಾರಿನಲ್ಲಿ ಎರಡನೇ ಗೇರು.
ಹಿಂದಿನ ಗಾಡಿಯ ಹಾರ್ನು, ಹಿಂದಿನ ಸೀಟಿನ ಗೊಣಗು:
ಕತ್ತೆ ಹತ್ತಿದ್ದರೆ ಇಷ್ಟೊತ್ತಿಗೆ ಮುಟ್ಟುತ್ತಿದ್ದೆವು.
ಅವಳು ಬ್ರೇಕು ಮುಟ್ಟಿ ಬಿಡುತ್ತಾಳೆ, ಮುಟ್ಟಿ ಬಿಡುತ್ತಾಳೆ,
ಕಾದ ಹೆಂಚು ಮುಟ್ಟಿ ನೋಡುವ ಹಾಗೆ.

ತಿರುವಿನಲ್ಲಿ ಕುರಿಮಂದೆ. ನಿಂತ ಕೂಡಲೇ
ಕಂಡಕ್ಟರ್ ಹುಡುಗ ಸೀಟಿನಡಿಯ ಕಲ್ಲೆತ್ತಿ ಓಡುತ್ತಾನೆ,
ಗಾಲಿಗೆ ಕೊಡುತ್ತಾನೆ.

ಹ್ಯಾಂಡ್‌ಬ್ರೇಕು ಚೆನ್ನಾಗಿಯೇ ಇದೆ.
ಗಂಡನ ಗಾಡಿಯದೂ ಚೆನ್ನಾಗಿಯೇ ಇತ್ತು.