ಮುಖ ನೋಡುವವಳು

ಆರು ಜನ ಗುರಿಗೆ ಬೆನ್ನು ಹಾಕಿ ಕೂರುತ್ತಾರೆ.
ಹುಟ್ಟು ಹಾಕುವವರ ಪಾಡೇ ಅದು,
ಬಿಟ್ಟು ಬಂದ ನೀರಷ್ಟೇ ಅವರ ಕಣ್ಣಿಗೆ.
ಮುಂದಿನದು ಕಾಣುವುದು ನನಗೊಬ್ಬಳಿಗೆ:
ಹದಿನಾಲ್ಕು ವರ್ಷ, ನಲವತ್ತೊಂದು ಕಿಲೋ,
ಚುಕ್ಕಾಣಿಯ ಹಗ್ಗ ಎರಡೂ ಕೈಗೆ ಸುತ್ತಿಕೊಂಡವಳಿಗೆ.
ಮುಂದಿನದು, ಜೊತೆಗೆ ಆರು ಮುಖ.

ರೋಯಿ ನಾಲಿಗೆ ಕಚ್ಚುತ್ತಾನೆ.
ತ್ರೋಂದುರ್ ಮುನ್ನೂರು ಮೀಟರಿಗೇ ಬೀಟ್‌ರೂಟು.
ಅವಳಿಗಳಿಬ್ಬರೂ ಒಂದೇ ಉಸಿರಿಗೆ ಬೈಯುತ್ತಾರೆ, ನನ್ನನ್ನೇ.
ಬೈನಿರ್‌ನದು ಮಾತ್ರ ಏನೂ ಹೇಳದ ಮುಖ.
ಹದಿನೇಳರ ಹುಡುಗ,
ಹೆಗಲ ಮೇಲೆ ಟಗರು ಹೊತ್ತು ಗುಡ್ಡ ಇಳಿದವನು.
ಎದೆಗಾರ, ಎದೆಗಾರ, ಎಂದು ದಕ್ಕೆಯ ಮೇಲಿಂದ
ಹಾನುಸ್ ಮೇಷ್ಟ್ರು ಕೂಗುವುದು ಅವನೊಬ್ಬನಿಗೆ.

ಮೇ ತಿಂಗಳು. ರಾತ್ರಿ ಹತ್ತಕ್ಕೂ ಬೆಳಕು.
ಕೊನೆಯ ಇನ್ನೂರು ಮೀಟರಿಗೆ ನಾನು ಲೆಕ್ಕ ಏರಿಸಿದೆ.
ಬೈನಿರ್‌ನ ತುಟಿ ಮೀನಿನ ಹೊಟ್ಟೆಯ ಬಣ್ಣಕ್ಕೆ ತಿರುಗಿತು.
ಕೈ ಎರಡೂ ಹುಟ್ಟಿನ ಮೇಲೆ,
ಎದೆ ಒತ್ತಿಕೊಳ್ಳಲು ಮೂರನೆಯ ಕೈ ಇಲ್ಲದೆ
ಗದ್ದವನ್ನೇ ಊರಿದ ಎದೆಮೂಳೆಗೆ.
ಊರಿಕೊಂಡೇ ಎಳೆದ. ಲಯ ತಪ್ಪಲಿಲ್ಲ.
ಅವನ ಹಿಂದಿನವನಿಗೆ ಕಂಡದ್ದು ಬೆನ್ನು,
ಮುಂದಿನವನಿಗೆ ಅದೂ ಇಲ್ಲ.

ದಡದಲ್ಲಿ ಒದ್ದೆ ಉಲ್ಲನ್ ಅಂಗಿ ಹಿಂಡುತ್ತ ಅಂದ:
ಹೇಳಬೇಡ. ನಿಂತರೆ ಹೋಗುತ್ತೆ. ಎಳೆದಾಗ ಅಷ್ಟೇ.
ಜುಲೈ ಮುಗಿಯಲಿ, ಓಲಾವ್ಸೋಕ ಹಬ್ಬದ ಪಂದ್ಯ ಮುಗಿಯಲಿ.
ನಮ್ಮ ದ್ವೀಪದಂಚಿನ ಊರಲ್ಲಿ
ಆ ವಯಸ್ಸಿನ ಹುಡುಗರು ಆರೇ.
ಏಳನೆಯವನು ಇನ್ನೂ ಎರಡನೆಯ ಕ್ಲಾಸು.

ಹನ್ನೊಂದು ದಿನ ಹೇಳಲಿಲ್ಲ. ಬರೆದಿಟ್ಟಿದ್ದೇನೆ, ಹನ್ನೊಂದು.
ಲೆಕ್ಕ ಕಳ್ಳತನದಲ್ಲಿ ನಿಧಾನ ಮಾಡಿದೆ,
ಗಂಟಲಿಗೇನಾಯ್ತೇ, ಎಂದು ಮೇಷ್ಟ್ರು ಗದರಿದರು.
ಹನ್ನೆರಡನೆಯ ದಿನ ಮತ್ತೆ ಆ ಗದ್ದ, ಆ ಬಣ್ಣ,
ಈ ಸಲ ಕಣ್ಣು ನನ್ನನ್ನು ದಾಟಿ ಎಲ್ಲೋ.
ಹಗ್ಗ ಬಿಟ್ಟುಬಿಟ್ಟೆ.
ನಿಲ್ಲಿಸಿ, ಅಂದೆ. ಯಾರೂ ನಿಲ್ಲಿಸಲಿಲ್ಲ.
ಎದ್ದು ನಿಂತೆ. ದೋಣಿಯಲ್ಲಿ ಎದ್ದು ನಿಲ್ಲಬಾರದು.
ನಿಂತರು.

ಆಮೇಲಿನದು ಕೇಳಿ ಗೊತ್ತು.
ಮೊದಲ ಡಾಕ್ಟರು ಪಟ್ಟಿ ಓದಿ, ಇಸಿಜಿ ಚೆನ್ನಾಗಿದೆ,
ಈ ವಯಸ್ಸಿಗೆ ಬಹುಪಾಲು ಸ್ನಾಯುವಿನ ಉಳುಕು, ಎಂದರಂತೆ.
ತೋರ್ಸ್‌ಹಾವ್ನ್‌ನ ಹೆಂಗಸು ಮಾತ್ರ ಬೆರಳಿಂದ ಪಕ್ಕೆ ಒತ್ತುತ್ತ ಬಂದು,
ಇಲ್ಲಿ ನೋವೇ? ಇಲ್ಲ. ಇಲ್ಲಿ? ಇಲ್ಲ.
ಹಾಗಾದರೆ ಯಾವಾಗ?
ಅವನು ಸುಮ್ಮನಿದ್ದನಂತೆ. ಅವನಮ್ಮ ಹೇಳಿದಳಂತೆ,
ಕೋಪನ್‌ಹೇಗನ್‌ಗೆ ವಿಮಾನ, ದೊಡ್ಡ ಯಂತ್ರದ ಕೊಳವೆ.
ಹೃದಯಕ್ಕೇ ಉಣಿಸುವ ಒಂದು ನಾಳ
ತನ್ನದಲ್ಲದ ಕಡೆ ಮೊಳೆತು,
ಎರಡು ದೊಡ್ಡ ನಾಳಗಳ ಸಂದಿಯಲ್ಲಿ ತೂರಿ ಬಂದಿತ್ತು,
ಮೈ ಕಾದಂತೆ ಅವು ಉಬ್ಬಿ ಇದನ್ನು ಅಮುಕುತ್ತಿದ್ದವು.
ಹುಟ್ಟಿನ ದೋಷ.
ಹುಟ್ಟು ಹಾಕಿದಾಗ ಮಾತ್ರ ತೋರುವ ದೋಷ.

ಆ ಬೇಸಿಗೆ ದೋಣಿ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿತ್ತು.
ಯಾರೂ ನನ್ನನ್ನು ಬೈಯಲಿಲ್ಲ. ಅಂಗಡಿಯಲ್ಲಿ
ನಾನು ಹೋದರೆ ಮಾತು ಸ್ವಲ್ಪ ತಗ್ಗುತ್ತಿತ್ತು, ಅಷ್ಟೆ.
ಅವಳಿಗಳು ಬೈದಿದ್ದರೆ ಚೆನ್ನಾಗಿತ್ತು.
ಒಂದು ಬೆಳಗ್ಗೆ ಬಾಗಿಲಲ್ಲಿ ರೂಬಾರ್ಬ್ ಜಾಮಿನ ಸೀಸೆ,
ಬಿಸಿ ಇನ್ನೂ ಆರಿರಲಿಲ್ಲ. ಚೀಟಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಬಂದ,
ದಕ್ಕೆಯ ಕಲ್ಲಿಗೆ ಮುದುಕನ ಹಾಗೆ ಕೈ ಊರಿ ಕೂತ.
ನನ್ನ ಮುಖ ಹೇಗಿತ್ತೇ ಆಗ? ನಾನು ನೋಡೇ ಇಲ್ಲ.
ಮೀನಿನ ಹೊಟ್ಟೆ, ಅಂದೆ.
ನಗು ಬಂತು ಅವನಿಗೆ, ನಗುತ್ತಲೇ ಎದೆ ಹಿಡಿದುಕೊಂಡ.
ನಾನು ಎದ್ದು ನಿಂತೆ.
ಕೂತ್ಕೋ, ಕೂತ್ಕೋ, ಅಂದ,
ಇದು ಹೊಲಿಗೆಯ ನೋವು.
ನೋಡು, ಒತ್ತಿದರೆ ನೋಯುತ್ತೆ.