ಎಂಬತ್ತಮೂರನೆಯ ಪುಟ

ಪುಟಕ್ಕೆ ಇಷ್ಟು ಎಂದು ಕೊಡುತ್ತಿದ್ದರು.
ಹಾಗಾಗಿ ಅಂಚು ಅಗಲ, ಸಾಲು ವಿರಳ,
ಮೂರು ಪುಟಕ್ಕೊಮ್ಮೆ ‘ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ’,
ಕೆಳಗೆ ಉತ್ತರಕ್ಕೆಂದು ಮೂರೇ ಚುಕ್ಕಿಗೆರೆ.

ಮಸೆರುವಿನ ನನ್ನ ಅಡುಗೆಮನೆಯ ಮೇಜಿನ ಮೇಲೆ
ಹೊರದೇಶದ ಹಳೆಯ ಪುಸ್ತಕವೊಂದನ್ನು ತೆರೆದಿಟ್ಟು
ಎರಡು ರಾತ್ರಿಯಲ್ಲಿ ಮುಗಿಸಿದೆ ಏಳನೆಯ ಘಟಕ:
ಮಕ್ಕಳ ಪೋಷಣೆ ಮತ್ತು ಅತಿಸಾರ.
ಅದರಲ್ಲಿ ಪೀಟರ್ ಎಂಬ ಹುಡುಗ
ಬೆಳಗಿನ ತಿಂಡಿಗೆ ಹೊಗೆಯಾಡಿಸಿದ ಮೀನು ತಿನ್ನುತ್ತಿದ್ದ.
ನಮ್ಮದು ಕಡಲೇ ಇಲ್ಲದ ನಾಡು.
ಮೀನು ಇರಲಿ ಬಿಡು ಎಂದು
ಹುಡುಗನ ಹೆಸರನ್ನಷ್ಟೇ ಮೊಲೆಫಿ ಮಾಡಿದೆ.
‘ಸ್ಥಳೀಯಗೊಳಿಸಲಾಗಿದೆ’ ಎಂದು ಸಮಿತಿ ಷರಾ ಬರೆಯಿತು.

ಜುಲೈ, ಹಿಮದ ತಿಂಗಳು.
ಸೆಮೊಂಗ್‌ಕೊಂಗ್‌ನಿಂದ ಒಂದು ಕಂದು ಲಕೋಟೆ,
ಅರ್ಧ ದಾರಿ ಕುದುರೆಯ ಮೇಲೆ ಬಂದದ್ದು.
ರೆಲೆಬೊಹಿಲೆ ಮೊಖೆಲೆ, ರಾತ್ರಿಪಾಳಿಯ ನರ್ಸ್.
ಚುಕ್ಕಿಗೆರೆ ಮೂರೂ ತುಂಬಿ, ಅಕ್ಷರ ಅಂಚಿಗೆ ಹತ್ತಿ,
ಅಲ್ಲಿಂದ ತಿರುಗಿ ಪುಟದ ನೆತ್ತಿಗೆ ನಡೆದಿತ್ತು.
ಪ್ರಶ್ನೆ: ನಿಮ್ಮ ಮಾರುಕಟ್ಟೆಯ ಐದು ಹಣ್ಣು ಹೆಸರಿಸಿ.
‘ದಾರಿ ಮುಚ್ಚಿ ಒಂಬತ್ತು ದಿನ. ಮಾರುಕಟ್ಟೆ ಎಂದರೆ
ಒಂದೇ ಅಂಗಡಿ. ಎಲೆಕೋಸು ಇದೆ. ಈರುಳ್ಳಿ ಇದೆ.
ಒಣಗಿಸಿದ ಪೀಚ್ ಒಂದು ಚೀಲ, ಅದು ಮಾರಾಟಕ್ಕಲ್ಲ.
ಉಳಿದ ನಾಲ್ಕನ್ನು ತಾವೇ ಹೆಸರಿಸಿರಿ, ಮ್ಮೆ.’

ನಗು ಬಂತು. ಹತ್ತಕ್ಕೆ ಏಳು ಹಾಕೋಣವೆಂದು
ಕೆಂಪು ಪೆನ್ನು ತೆಗೆದೆ. ಹಾಳೆ ಮಗುಚಿದರೆ
ಪೆನ್ಸಿಲಿನಲ್ಲಿ, ಒತ್ತಿ ಬರೆದ ನಾಲ್ಕು ಮಾತು:
‘ಎಂಬತ್ತಮೂರನೆಯ ಪುಟ. ಉಪ್ಪು ಸಕ್ಕರೆ ಅದಲುಬದಲಾಗಿವೆ.
ಲೀಟರ್ ನೀರಿಗೆ ಆರು ಚಮಚ ಉಪ್ಪು ಅಂತಿದೆ.
ನನಗೆ ಗೊತ್ತಿತ್ತು, ತಿದ್ದಿಕೊಂಡೆ.
ಪುಸ್ತಕವನ್ನೇ ನಂಬಿ ಓದುವವರೂ ಇದ್ದಾರೆ.’

ಹಳೆಯ ಪುಸ್ತಕ ಹುಡುಕಿದೆ. ಅದರಲ್ಲಿ ಸರಿಯಾಗಿಯೇ ಇತ್ತು.
ಪೀಟರನ ತಾಯಿ ಆರು ಚಮಚ ಸಕ್ಕರೆಯನ್ನೇ ಹಾಕಿದ್ದಳು,
ಉಪ್ಪು ಅರ್ಧ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದವಳು ನಾನು. ಕುಡಿಯುವುದು
ಯಾವ ಬೆಟ್ಟದ ಯಾವ ಕೂಸು?

ಉಗ್ರಾಣದ ನ್ತಾಟೆ ಫಾಕಿಸೊ ಲೆಡ್ಜರಿನಲ್ಲಿ ಬೆರಳಾಡಿಸಿ
ಸಾವಿರದ ನೂರಾ ನಲವತ್ತು ಪ್ರತಿ ಎಂದರು,
ಒಂದೂ ಉಳಿದಿಲ್ಲ, ಎಲ್ಲ ಹೋಗಿವೆ
ಎಂದರು ಹೆಮ್ಮೆಯಿಂದ.
ತಿದ್ದೋಲೆಗೆ ನಿರ್ದೇಶಕರು ಪದ ಹೊಂದಿಸಿಕೊಟ್ಟರು:
‘ಅಚಾತುರ್ಯದಿಂದ ನುಸುಳಿದ ಮುದ್ರಣದೋಷ’.
ಅಚ್ಚಿನ ಯಂತ್ರಕ್ಕೆ ಬಾಯಿಲ್ಲ, ಸುಮ್ಮನಿತ್ತು.
ನಸುಕಿನ ರೇಡಿಯೊದಲ್ಲಿ, ಕುರಿಗಾಹಿಗಳು ಏಳುವ ಹೊತ್ತಿಗೆ,
ನಾನೇ ಓದಿದೆ, ನಮ್ಮ ಸೆಸೊಥೊದಲ್ಲಿ:
ಆರು ಸಕ್ಕರೆ. ಅರ್ಧ ಉಪ್ಪು. ಮತ್ತೊಮ್ಮೆ ಹೇಳುತ್ತೇನೆ.
ನಿರೂಪಕ ಕೈ ಎತ್ತಿ ಸಮಯವಾಯಿತೆಂದ. ಮತ್ತೊಮ್ಮೆ ಹೇಳಿದೆ.

ಮೂವತ್ತೊಂದು ತಿದ್ದೋಲೆ ವಾಪಸು ಬಂದಿವೆ,
‘ವಿಳಾಸದಾರರು ಇಲ್ಲ’.
ರಬ್ಬರ್ ಬ್ಯಾಂಡು ಹಾಕಿ ಚಮಚಗಳ ಡ್ರಾಯರಿನಲ್ಲಿಟ್ಟಿದ್ದೇನೆ,
ದಿನಾ ಕೈಗೆ ತಾಗಲೆಂದು.

ಹೊಸ ಆವೃತ್ತಿಗೆ ಮೀನು ತೆಗೆದೆ. ಚುಕ್ಕಿಗೆರೆಯೂ ಇಲ್ಲ,
ಪ್ರಶ್ನೆಯ ಕೆಳಗೆ ಇಡೀ ಪುಟ ಬಿಟ್ಟಿದ್ದೇನೆ.
ಖಾಲಿ ಪುಟಕ್ಕೆ ದುಡ್ಡು ಕೊಡಲಾಗದು ಎಂದಿದ್ದಾರೆ ಲೆಕ್ಕಪತ್ರದವರು.
ಸರಿಯೇ.

ರೆಲೆಬೊಹಿಲೆ, ನಿನ್ನ ಉತ್ತರಪತ್ರಿಕೆ ಇನ್ನೂ ಇಲ್ಲೇ ಇದೆ.
ಗಡುವು ಮೀರಿತೆಂದು ಕಚೇರಿ ಎರಡು ಸಲ ಕೇಳಿತು.
ಪೆನ್ನಿನ ಮುಚ್ಚಳ ತೆಗೆಯುತ್ತೇನೆ,
ಹಾಕುತ್ತೇನೆ.